ನೀಲಕ್ಕನ ಕಾಲಡಿಯ ಸರಳು

ನಾನೊಂದು ಉಕ್ಕಿನ ಸರಳು. ಒಂದು ಗಜಕ್ಕಿಂತ ತುಸು ಉದ್ದ, ಹೆಬ್ಬೆರಳಿನಷ್ಟು ದಪ್ಪ. ಕಾರಿನ ವಿಷಯ ಬಂದಾಗ ಜನ ಎಂಜಿನ್ನನ್ನು ಹೊಗಳುತ್ತಾರೆ, ಬಣ್ಣವನ್ನು ಹೊಗಳುತ್ತಾರೆ, ಹಾರ್ನಿನ ಸದ್ದನ್ನು ಕೂಡ ಹೊಗಳುತ್ತಾರೆ. ಕಾರನ್ನು ನೆಲದಿಂದ ಎತ್ತಿ ಹಿಡಿದವನ ಹೆಸರನ್ನು ಯಾರೂ ತೆಗೆಯುವುದಿಲ್ಲ. ಇದರಿಂದ ನನಗೆ ಬೇಸರವಿಲ್ಲ ಎಂದರೆ ಸುಳ್ಳಾದೀತು.

ನಾನು ಹುಟ್ಟಿದ್ದು ಅಮೆರಿಕದ ಒಂದು ಕಾರ್ಖಾನೆಯಲ್ಲಿ. ನನ್ನ ಜೊತೆಗೇ ಇನ್ನೊಬ್ಬ ಹುಟ್ಟಿದ. ಒಂದೇ ಉಕ್ಕು, ಒಂದೇ ಬೆಂಕಿ, ಒಂದೇ ಅಳತೆ. ಮೊದಲು ಕಾಯಿಸಿ, ತಣಿಸಿ, ಆಮೇಲೆ ಒಬ್ಬೊಬ್ಬರನ್ನೇ ಯಂತ್ರಕ್ಕೆ ಸಿಕ್ಕಿಸಿ ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿದರು. ನನ್ನನ್ನು ಒಂದು ದಿಕ್ಕಿಗೆ, ಅವನನ್ನು ಅದರ ವಿರುದ್ಧ ದಿಕ್ಕಿಗೆ. ಆ ಮೊದಲ ತಿರುಚನ್ನು ಉಕ್ಕು ಎಂದೂ ಮರೆಯುವುದಿಲ್ಲ. ಮುಂದೆ ಜೀವಮಾನವಿಡೀ ಅದು ಅದೇ ದಿಕ್ಕಿಗೆ ತಿರುಚಿಕೊಂಡು ಭಾರ ಹೊರಬೇಕು. ಗುರುತಿಗೆಂದು ನಮ್ಮ ತುದಿಯಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರ ಒತ್ತಿದರು. ನಾನು ಬಲಗಡೆಯವನು, ಅವನು ಎಡಗಡೆಯವನು.

ಎರಡೇ ಬಾಗಿಲಿನ, ಅಗಲ ಮೂತಿಯ ದೊಡ್ಡ ಕಾರಿನ ಅಡಿಯಲ್ಲಿ ನಮ್ಮಿಬ್ಬರನ್ನು ಮಲಗಿಸಿದರು. ನನ್ನ ಒಂದು ತುದಿ ಮುಂದಿನ ಚಕ್ರದ ತೋಳಿಗೆ, ಇನ್ನೊಂದು ತುದಿ ಮುಂದಿನ ಸೀಟಿನ ಕೆಳಗಿನ ಚೌಕಟ್ಟಿಗೆ. ಚಕ್ರದ ತೋಳಿನ ಹತ್ತಿರ ಒಂದು ಬೋಲ್ಟು. ಅದನ್ನು ಬಿಗಿ ಮಾಡಿದರೆ ನಾನು ಇನ್ನಷ್ಟು ತಿರುಚಿಕೊಂಡು ಕಾರಿನ ಮೂತಿಯನ್ನು ಮೇಲೆತ್ತುತ್ತೇನೆ, ಸಡಿಲಿಸಿದರೆ ಮೂತಿ ಇಳಿಯುತ್ತದೆ. ನನ್ನ ಇಡೀ ಕಥೆ ಆ ಬೋಲ್ಟಿನ ಕಥೆಯೇ.

ಮೊದಲ ಯಜಮಾನ ಒಬ್ಬ ಅಮೆರಿಕದ ಎಂಜಿನಿಯರ್. ಅಣೆಕಟ್ಟಿನ ಕೆಲಸಕ್ಕೆ ಬಂದವನು ಕಾರನ್ನೂ ಹಡಗಿನಲ್ಲಿ ಗೋವಾಕ್ಕೆ ತರಿಸಿಕೊಂಡ. ಕಾರಿನ ಮೂತಿ ನೆಲ ಮೂಸುತ್ತಿದ್ದರೇ ಚೆಂದ ಎನ್ನುವ ಜಾತಿ ಅವನದು. ಬಂದ ವಾರದಲ್ಲೇ ಬೋಲ್ಟು ಸಡಿಲಿಸಿ ಇಳಿಸಿದ. ನಮ್ಮ ರಸ್ತೆಯ ಪ್ರತಿಯೊಂದು ತಗ್ಗಿಗೂ ಕಾರಿನ ಹೊಟ್ಟೆ ಕಿರುಗುಟ್ಟುತ್ತಿತ್ತು. ಕೆಲಸ ಮುಗಿದಾಗ ಕಾರನ್ನು ವಾಪಸು ಒಯ್ಯುವ ಗೋಜಿಗೆ ಹೋಗದೆ ಮಾರಾಟಕ್ಕಿಟ್ಟ. ಪೆಟ್ರೋಲನ್ನು ನೀರಿನಂತೆ ಕುಡಿಯುವ ಕಾರು, ಸ್ಟೇರಿಂಗು ಎಡಗಡೆ ಬೇರೆ. ಯಾರೂ ಹತ್ತಿರ ಸುಳಿಯಲಿಲ್ಲ.

ಕೊಂಡವರು ಹುಬ್ಬಳ್ಳಿಯ ರಾಚಪ್ಪ. ಸವೆದ ಟೈರುಗಳಿಗೆ ಹೊಸ ರಬ್ಬರು ಹಚ್ಚಿಕೊಡುವ ಅಂಗಡಿ ಅವರದು. ಟೈರಿನವನಿಗೆ ತಲೆ ಕೆಟ್ಟಿದೆ ಎಂದು ಪೇಟೆಯಲ್ಲೆಲ್ಲ ಮಾತಾಯಿತು. ಅವರು ಎಂಜಿನ್ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಬಲಗಡೆಯ ಬಾಗಿಲನ್ನು ಪೂರ್ತಿ ತೆರೆದು, ಆ ಅಗಲವನ್ನು ಗೇಣು ಹಾಕಿ ಅಳೆದರು. ಅಷ್ಟು ಅಗಲದ ಬಾಗಿಲು ಊರಿನ ಬೇರೆ ಯಾವ ಕಾರಿಗೂ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಕಾರಲ್ಲ, ಆ ಬಾಗಿಲು.

ಬಾಗಿಲು ಬೇಕಾಗಿದ್ದದ್ದು ಅವರ ಅಕ್ಕ ನೀಲಾಂಬಿಕೆಗೆ. ಎಲ್ಲರ ಬಾಯಲ್ಲಿ ನೀಲಕ್ಕ. ಚಿಕ್ಕಂದಿನ ಪೋಲಿಯೋದಲ್ಲಿ ಎರಡೂ ಕಾಲು ಹೋಗಿದ್ದವು. ಗಟ್ಟಿ ತೋಳು, ತುಂಬಿದ ಮೈ, ಅಧಿಕಾರದ ದನಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಟ್ರಂಕ್ ಕಾಲ್ ಜೋಡಿಸುವ ಕೆಲಸ ಆಗಷ್ಟೇ ಸಿಕ್ಕಿತ್ತು. ಅಲ್ಲಿಯವರೆಗೆ ಅವರನ್ನು ಎಲ್ಲಿಗೆ ಒಯ್ಯಬೇಕಾದರೂ ಯಾರಾದರೂ ಎತ್ತಿಕೊಳ್ಳಬೇಕಿತ್ತು. ಕಾಕಾ, ಮಾಮಾ, ಮದುವೆಮನೆಯಲ್ಲಿ ಅಡುಗೆಯವರು, ಆಸ್ಪತ್ರೆಯಲ್ಲಿ ಜವಾನರು. ಎತ್ತಿದವರು ಅವರನ್ನು ಕೇಳುತ್ತಿರಲಿಲ್ಲ, ಮನೆಯವರನ್ನು ಕೇಳುತ್ತಿದ್ದರು, ಎಲ್ಲಿ ಇಡಬೇಕು ಎಂದು.

ಮೊದಲ ದಿನ ನೀಲಕ್ಕ ಸೀಟಿನಲ್ಲಿ ಕುಳಿತಾಗ ಅವರ ಪಾದಗಳು ಸರಿಯಾಗಿ ನನ್ನ ಮೇಲೆ ಬಂದವು. ನಡುವೆ ಒಂದು ತಗಡು ಮಾತ್ರ. ತಮ್ಮನಿಗೆ ಅವರು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ರಾಚಾ, ಇನ್ನ ಮ್ಯಾಲೆ ನನ್ನ ಯಾರೂ ಎತ್ತಬಾರದು. ನೀನೂ ಎತ್ತಬಾರದು."

ರಾಚಪ್ಪ ಸಾಗವಾನಿಯ ಒಂದು ಹಲಗೆ ಮಾಡಿಸಿ ಮೇಣ ತಿಕ್ಕಿಸಿದರು. ಗಾಲಿಕುರ್ಚಿಯನ್ನು ಬಾಗಿಲಿಗೆ ತಾಗಿಸಿ ನಿಲ್ಲಿಸುವುದು, ಕುರ್ಚಿಯಿಂದ ಸೀಟಿಗೆ ಹಲಗೆ ಹಾಸುವುದು, ನೀಲಕ್ಕ ತೋಳಿನ ಬಲದಿಂದ ಅದರ ಮೇಲೆ ಜರುಗಿ ಹೋಗುವುದು. ಆದರೆ ಎಂಜಿನಿಯರ್ ಇಳಿಸಿದ್ದ ಕಾರಿನ ಸೀಟು ಕುರ್ಚಿಗಿಂತ ಒಂದು ಗೇಣು ಕೆಳಗಿತ್ತು. ಒಳಗೆ ಹೋಗುವಾಗ ಜಾರುಬಂಡಿ, ಹೊರಗೆ ಬರುವಾಗ ಗುಡ್ಡ. ಆಗ ಗ್ಯಾರೇಜಿನ ಮಿಸ್ತ್ರಿ ದಾವಲಸಾಬ ಬಂದ. ಹಿಂದಿನ ಚಕ್ರಗಳ ಸ್ಪ್ರಿಂಗಿಗೆ ಒಂದೊಂದು ಪಾಟಾ ಹೆಚ್ಚಿಗೆ ಹಾಕಿದ, ಜಾಕಿ ಕೊಟ್ಟು ನಮ್ಮ ಬೋಲ್ಟುಗಳನ್ನು ಬಿಗಿ ಮಾಡಿದ, ಕಾರನ್ನು ಇಳಿಸಿ ಬಂಪರನ್ನು ನಾಲ್ಕಾರು ಸಲ ಕುಕ್ಕಿ ನಿಲ್ಲಿಸಿದ. ಅದು ಖಂಡೇನವಮಿಯ ದಿನ. ಚಕ್ರದ ಕೆಳಗಿಡಲು ತಂದಿದ್ದ ನಿಂಬೆಹಣ್ಣುಗಳಲ್ಲಿ ಒಂದನ್ನು ರಾಚಪ್ಪ ಹಲಗೆಯ ಮೇಲಿಟ್ಟರು. ಅದು ಸೀಟಿನ ಕಡೆ ಉರುಳಿತು. ದಾವಲಸಾಬ ಮತ್ತೆ ಕಾರಿನಡಿ ತೂರಿದ. ಕೊನೆಗೆ ನಿಂಬೆಹಣ್ಣು ಇಟ್ಟಲ್ಲೇ ನಿಂತಿತು.

ನೀಲಕ್ಕ ಹಲಗೆಯ ಮೇಲೆ ಒಳಗೆ ಬಂದರು, ಹೊರಗೆ ಹೋದರು, ಮತ್ತೆ ಒಳಗೆ ಬಂದರು. ಯಾರ ಕೈಯೂ ಅವರಿಗೆ ತಾಗಲಿಲ್ಲ. ರಾಚಪ್ಪ ಮುಖ ಆಚೆ ತಿರುಗಿಸಿಕೊಂಡು ಬಾನೆಟ್ಟು ಒರೆಸತೊಡಗಿದರು. ಒರೆಸುವಂಥ ಧೂಳು ಅದರ ಮೇಲೆ ಇರಲಿಲ್ಲ.

ಆ ಮೇಲಿನ ವರ್ಷಗಳು ನನ್ನ ಒಳ್ಳೆಯ ವರ್ಷಗಳು. ದಿನವೂ ಅದೇ ಭಾರ, ಅದೇ ಹೊತ್ತಿಗೆ. ಸಿಟ್ಟಿನಲ್ಲಿದ್ದ ದಿನ ನೀಲಕ್ಕ ಸೀಟಿನ ಮೇಲೆ ಕುಕ್ಕರಿಸುತ್ತಿದ್ದರು, ಸಂತೋಷದ ದಿನ ಮೆಲ್ಲಗೆ ಜರುಗುತ್ತಿದ್ದರು. ಅವರ ಮುಖ ನಾನು ನೋಡಿದವನಲ್ಲ. ಆದರೂ ಅವರ ಮನಸ್ಸು ನನ್ನಷ್ಟು ಯಾರಿಗೂ ತಿಳಿದಿರಲಿಲ್ಲ ಎಂದೇ ನನ್ನ ನಂಬಿಕೆ. ಎಕ್ಸ್‌ಚೇಂಜಿನ ಸುದ್ದಿಯೆಲ್ಲ ದಾರಿಯಲ್ಲಿ ತಮ್ಮನಿಗೆ ಹೇಳಿ ನಗುತ್ತಿದ್ದರು. ಬಾಗಲಕೋಟೆಯ ಯಾವನೋ ವ್ಯಾಪಾರಿ ಟ್ರಂಕ್ ಕಾಲಿನಲ್ಲೇ ಹೆಂಡತಿಯ ಜೊತೆ ಜಗಳಾಡಿ, ನಡುವೆ ನೀಲಕ್ಕನನ್ನೇ ಪಂಚಾಯಿತಿಗೆ ಕರೆದಿದ್ದನಂತೆ.

ಆದರೆ ಉಕ್ಕಿಗೂ ಆಯಾಸವಾಗುತ್ತದೆ. ವರ್ಷ ವರ್ಷ ಕಾರು ಬಲಗಡೆ ಕೂದಲೆಳೆಯಷ್ಟು ಕುಗ್ಗುತ್ತಾ ಬಂತು. ಪ್ರತಿ ಖಂಡೇನವಮಿಗೆ ದಾವಲಸಾಬ ಬರುವುದು, ನಿಂಬೆಹಣ್ಣು ಇಡುವುದು, ಅದು ಉರುಳುವುದು, ಬೋಲ್ಟನ್ನು ಇಷ್ಟು ಬಿಗಿ ಮಾಡುವುದು. ಎಡಗಡೆಯ ನನ್ನ ಜೊತೆಗಾರನಿಗೆ ಈ ತಾಪತ್ರಯವಿರಲಿಲ್ಲ. ಆ ಕಡೆ ಕೂತು ಕಾರು ಓಡಿಸುತ್ತಿದ್ದ ರಾಚಪ್ಪ ಕಡ್ಡಿಯಂಥ ಮನುಷ್ಯ. ಒಂದು ವರ್ಷ ಪಾನಾ ಹಾಕಿ ಎಷ್ಟು ತಿರುಗಿಸಿದರೂ ಬೋಲ್ಟು ಮುಂದೆ ಹೋಗಲಿಲ್ಲ. ಅದರ ದಾರಿ ಮುಗಿದಿತ್ತು. ನಿಂಬೆಹಣ್ಣು ಉರುಳಿ ಸೀಟಿಗೆ ಬಿತ್ತು. ಆ ದಿನ ಹೊರಗೆ ಬರುವಾಗ ನೀಲಕ್ಕನಿಗೆ ಏದುಸಿರು ಬಂತು, ಹಲಗೆಯ ನಡುವೆ ಒಮ್ಮೆ ನಿಂತರು. ರಾಚಪ್ಪ ಕೈ ಮುಂದೆ ಚಾಚಿದರು. ನೀಲಕ್ಕ ಆ ಕೈಯನ್ನು ನೋಡಿದರಂತೆ, ಹಿಡಿಯಲಿಲ್ಲ.

ಹೊಸ ಸರಳಿಗಾಗಿ ರಾಚಪ್ಪ ಮುಂಬೈಗೆ ಹೋಗಿ ಬಂದರು. ಅಂಥ ಕಾರಿನ ಸಾಮಾನು ಎಲ್ಲಿಯೂ ಇರಲಿಲ್ಲ. ಬರಿಗೈಯಲ್ಲಿ ಬಂದವರಿಗೆ ತಮ್ಮ ಅಂಗಡಿಯಲ್ಲೇ ಉಪಾಯ ಹೊಳೆಯಿತು. ಟೈರು ಒಂದು ಕಡೆ ಸವೆದರೆ ಟೈರಿನವರು ಏನು ಮಾಡುತ್ತಾರೆ? ಬಲಗಡೆಯದನ್ನು ಎಡಕ್ಕೆ, ಎಡಗಡೆಯದನ್ನು ಬಲಕ್ಕೆ ಹಾಕುತ್ತಾರೆ. ಇನ್ನಷ್ಟು ದಿನ ಬಾಳುತ್ತದೆ. ತಮ್ಮ ಬದುಕಿನುದ್ದಕ್ಕೂ ಅವರು ಗಿರಾಕಿಗಳಿಗೆ ಹೇಳಿದ್ದ ಬುದ್ಧಿಮಾತು ಅದು.

ನಮ್ಮನ್ನು ಬಿಚ್ಚಿದಾಗ ದಾವಲಸಾಬ ತುದಿಯ ಅಕ್ಷರಗಳನ್ನು ಒರೆಸಿ ನೋಡಿದ. ಕಂಪನಿಯವರು ಬಲ ಎಡ ಅಂತ ಬರೆದಿದ್ದಾರಲ್ಲ, ಸುಮ್ಮನೆ ಬರೆದಿರಲಿಕ್ಕಿಲ್ಲ ಎಂದ. ರಾಚಪ್ಪ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಒಂದೇ ಉದ್ದ, ಒಂದೇ ದಪ್ಪ.

"ಜೋಡಸವ್ರಿಗೆ ಗೊಂದಲ ಆಗಬಾರದಂತ ಬರದಾರ ತಗೋ. ಎರಡೂ ಒಂದ ಅದಾವಲ್ಲ. ಹಾಕು."

ಆ ಗಳಿಗೆಯಲ್ಲಿ ನನಗೆ ಬಾಯಿ ಇರಬೇಕಿತ್ತು. ನಾವು ಒಂದೇ ಅಲ್ಲ, ನಮ್ಮ ಒಳಗಿನ ತಿರುಚು ಬೇರೆ ಎಂದು ಕೂಗಿ ಹೇಳಬೇಕಿತ್ತು. ಹುಟ್ಟಿದಾಗಿನಿಂದ ಬಲ್ಲ ದಿಕ್ಕನ್ನು ಬಿಡಿಸಿ ನನ್ನನ್ನು ಎಡಕ್ಕೆ ಹಾಕಿದರು, ಅವನನ್ನು ಬಲಕ್ಕೆ. ಬೋಲ್ಟು ಬಿಗಿಯಾದಾಗ ಒಳಗೆಲ್ಲ ಚುಚ್ಚಿದಂತಾಯಿತು. ಅವನಿಗೂ ಹಾಗೇ ಆಗಿರಬೇಕು. ಹೊರಗೆ ಮಾತ್ರ ಎಲ್ಲ ಚೆನ್ನಾಗಿತ್ತು. ಕಾರು ಸಮನಾಗಿ ಎದ್ದು ನಿಂತಿತು, ನಿಂಬೆಹಣ್ಣು ಅಲುಗಾಡಲಿಲ್ಲ. ನೀಲಕ್ಕ ಜರುಗಿ ಬಂದು ಸೀಟಿನಲ್ಲಿ ಕುಳಿತು, ಹೊಸ ಕಾರು ಆತಲ್ಲೋ ಎಂದು ತಮ್ಮನ ಬೆನ್ನು ತಟ್ಟಿದರು.

ಒಂದೆರಡು ತಿಂಗಳು ನಡೆಯಿತು. ಆಮೇಲೆ ಒಂದು ಸಾಧಾರಣ ಬೆಳಿಗ್ಗೆ, ಎಕ್ಸ್‌ಚೇಂಜಿನ ಮುಂದೆ ಕಾರು ನಿಂತಿತು. ಜನ ಕೆಲಸಕ್ಕೆ ಬರುವ ಹೊತ್ತು. ರಾಚಪ್ಪ ಕುರ್ಚಿ ಇಳಿಸಿ, ಹಲಗೆ ಹಾಸಿದರು. ನೀಲಕ್ಕ ಜರುಗುತ್ತಾ ಹಲಗೆಯ ನಡುವೆ ಬಂದಿದ್ದರು. ಆಗ ನನ್ನ ಜೊತೆಗಾರ ಮುರಿದ. ಬಂದೂಕು ಹಾರಿಸಿದಂಥ ಸದ್ದು. ಕಾರಿನ ಬಲಮೂಲೆ ಒಮ್ಮೆಲೇ ಕುಸಿಯಿತು, ಹಲಗೆ ಜಾರಿತು, ಕುರ್ಚಿ ಹಿಂದಕ್ಕೆ ಓಡಿತು. ಕಾರಿಗೂ ಕುರ್ಚಿಗೂ ನಡುವಿನ ನೆಲದ ಮೇಲೆ ನೀಲಕ್ಕ ಬಿದ್ದಿದ್ದರು.

ಮೊಣಕೈ ತರಚಿತ್ತು, ಅಷ್ಟೇ. ಕುರ್ಚಿ ತಂದು ಹತ್ತಿರ ನಿಲ್ಲಿಸಿ ಸ್ವಲ್ಪ ಸಮಯ ಕೊಟ್ಟಿದ್ದರೆ ಅವರೇ ಏನಾದರೂ ದಾರಿ ಮಾಡಿಕೊಳ್ಳುತ್ತಿದ್ದರು. ಜನ ಸಮಯ ಕೊಡಲಿಲ್ಲ. ಒಳ್ಳೆಯ ಜನ, ಮರುಗುವ ಜನ. ಜವಾನರು ಓಡಿ ಬಂದರು, ಚಹಾ ಅಂಗಡಿಯವನು ಬಂದ, ದಾರಿಯಲ್ಲಿ ಹೋಗುತ್ತಿದ್ದವರೂ ಬಂದರು.

"ಬ್ಯಾಡ್ರಿ. ತಡೀರಿ. ನನ್ನ ಮುಟ್ಟಬ್ಯಾಡ್ರಿ," ಎಂದರು ನೀಲಕ್ಕ.

ಯಾರೂ ಕೇಳಲಿಲ್ಲ. ಇಬ್ಬರು ಕಂಕುಳಿಗೆ ಕೈಹಾಕಿ, ಇಬ್ಬರು ಕಾಲು ಹಿಡಿದು ಎತ್ತಿದರು. ಎತ್ತಿಕೊಂಡವರಲ್ಲಿ ಒಬ್ಬ ರಾಚಪ್ಪನ ಕಡೆ ತಿರುಗಿ ಕೇಳಿದ, ಎಲ್ಲಿ ಇಡಬೇಕ್ರಿ ಇವ್ರನ್ನ ಎಂದು.

ಆ ದಿನದಿಂದ ನೀಲಕ್ಕ ಕಾರು ಹತ್ತಲಿಲ್ಲ. ಎಕ್ಸ್‌ಚೇಂಜಿಗೆ ಹೋಗಲಿಲ್ಲ. ಆ ಹೊತ್ತಿಗೆ ಟ್ರಂಕ್ ಕಾಲಿನ ಬೋರ್ಡುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದರು. ಕೆಲಸ ಬಿಡಲು ಅದೇ ನೆಪವಾಯಿತು. ಕಾರು ಮನೆಯ ಹಿಂದಿನ ಶೆಡ್ಡು ಸೇರಿತು. ರಾಚಪ್ಪ ಅದರ ಕೆಳಗೆ ಮರದ ದಿಮ್ಮಿ ಕೊಟ್ಟು ಬಲಮೂಲೆಯನ್ನು ಎತ್ತಿ ನಿಲ್ಲಿಸಿದರು. ಎಲ್ಲಿಗೂ ಹೋಗಲಾರದ ಕಾರು ಅದು. ಆದರೂ ಮುಂದಿನ ಖಂಡೇನವಮಿಗೆ ಬಾಗಿಲು ತೆರೆದು, ಹಲಗೆ ಹಾಸಿ, ನಿಂಬೆಹಣ್ಣು ಇಟ್ಟರು. ಅದು ಉರುಳಲಿಲ್ಲ. ಒಳಮನೆಯ ಕಡೆ ನೋಡಿ, ಅಕ್ಕಾ ಒಮ್ಮೆ ಬಂದು ನೋಡು, ಸಮ ಐತಿ ಎಂದು ಕರೆದರು. ಗಾಲಿಕುರ್ಚಿಯ ಸದ್ದಿಗಾಗಿ ನಾನೂ ಕಾದೆ. ಬರಲಿಲ್ಲ. ಮರುವರ್ಷವೂ ಇಟ್ಟರು, ಅದರ ಮರುವರ್ಷವೂ. ಆಮೇಲೆ ಕರೆಯುವುದನ್ನು ಬಿಟ್ಟು ಸುಮ್ಮನೆ ಇಡುತ್ತಿದ್ದರು.

ರಾಚಪ್ಪ ತೀರಿಕೊಂಡ ಮೇಲೆ ಅವರ ಮಗ ಕಾರನ್ನು ಹಳೆಯ ಕಾರುಗಳ ಶೋಕಿಯ ಒಬ್ಬರಿಗೆ ಮಾರಿದ. ಆ ಶೋಕಿದಾರರು ವಿದೇಶದಿಂದ ಹೊಸ ಸರಳುಗಳನ್ನು ತರಿಸಿದ್ದರು. ಬೇಕೆಂದಾಗ ಸಿಗದೆ ಹೋದದ್ದು ಈಗ ಪೆಟ್ಟಿಗೆಯಲ್ಲಿ ಬಂದಿತ್ತು. ಬಿಚ್ಚಲು ಕರೆಸಿದ್ದು ಮುದುಕನಾಗಿದ್ದ ದಾವಲಸಾಬನನ್ನೇ. ಮುರಿದ ಜೊತೆಗಾರನ ತುಂಡುಗಳನ್ನು ಗುಜರಿಯವನು ಒಯ್ದ. ನನ್ನನ್ನೂ ಬುಟ್ಟಿಗೆ ಹಾಕಲು ಹೋದಾಗ ದಾವಲಸಾಬ ಕೈ ಅಡ್ಡ ಹಿಡಿದ. ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದ. ಕಮ್ಮಾರರ ಬೆಂಕಿಗೆ ಕೊಟ್ಟು ಹಾರೆ ಮಾಡಿಸುತ್ತಾನೆ ಎಂದುಕೊಂಡೆ. ಅವನು ಬೆಂಕಿ ಮುಟ್ಟಿಸಲಿಲ್ಲ, ಉಜ್ಜಿ ತುಕ್ಕು ತೆಗೆದ, ಎಣ್ಣೆ ಸವರಿದ. ಒಂದು ದಿನ ನೀಲಕ್ಕನ ಕೋಣೆಗೆ ತಂದು, ಮಂಚದ ಪಕ್ಕದ ಗೋಡೆಗೆ ಎರಡು ಹಿಡಿಕೆ ಹೊಡೆದು ಅಡ್ಡಲಾಗಿ ಕೂರಿಸಿದ. ಎತ್ತರ ನೋಡಲು ಕೈ ಚಾಚಿ ಎಂದು ಕೇಳಿಕೊಂಡ. ಅವರು ಚಾಚಲಿಲ್ಲ. ಅಂದಾಜಿನ ಮೇಲೆ ಕೂರಿಸಿದ.

"ಇದು ಮುರದದ್ದಲ್ರಿ ಅಕ್ಕಾರ. ಮೊದಲ ನಿಮ್ಮ ಕಾಲ ಕೆಳಗ ಇತ್ತಲ್ರಿ, ಅದು," ಎಂದ.

ಅಂದೇ ಮೊದಲ ಸಲ ನಾನು ನೀಲಕ್ಕನ ಮುಖ ನೋಡಿದ್ದು. ಇಷ್ಟು ಸಣ್ಣ ಮುಖವೆಂದು ನಾನು ಎಣಿಸಿರಲಿಲ್ಲ.

ಬಹಳ ದಿನ ನಾನು ಒದ್ದೆ ಟವೆಲ್ ಒಣಗುವ ಕಂಬಿಯಾಗಿದ್ದೆ. ಬೆಳಿಗ್ಗೆ ತಮ್ಮನ ಮಕ್ಕಳಲ್ಲಿ ಯಾರಾದರೂ ಬಂದು ನೀಲಕ್ಕನನ್ನು ಮಂಚದಿಂದ ಎತ್ತಿ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಎತ್ತುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅದನ್ನು ದಿನವೂ ನೋಡುವುದಕ್ಕಿಂತ ಗುಜರಿಯ ಬುಟ್ಟಿಯೇ ವಾಸಿಯಿತ್ತು ಎನ್ನಿಸಿತು.

ಮೊನ್ನೆ ಮನೆಯವರೆಲ್ಲ ಯಾವುದೋ ಕಾರ್ಯಕ್ಕೆ ಹೋಗುವವರಿದ್ದರು. ಗಡಿಬಿಡಿಯಲ್ಲಿ ಬೆಳಿಗ್ಗೆ ಯಾರೂ ಕೋಣೆಗೆ ಬರಲಿಲ್ಲ. ನೀಲಕ್ಕ ಕೂಗಲಿಲ್ಲ. ಬಹಳ ಹೊತ್ತು ಬಾಗಿಲನ್ನೇ ನೋಡುತ್ತಿದ್ದರು. ಆಮೇಲೆ ಟವೆಲನ್ನು ಎಳೆದು ಕೆಳಗೆ ಹಾಕಿ, ಕೈ ಚಾಚಿ ನನ್ನನ್ನು ಹಿಡಿದರು. ದಾವಲಸಾಬನ ಅಂದಾಜು ತಪ್ಪಿರಲಿಲ್ಲ, ಎತ್ತರ ಸರಿಯಾಗಿತ್ತು. ಎರಡೂ ಕೈಯಿಂದ ಹಿಡಿದು ಮೈಯನ್ನು ನನ್ನ ಮೇಲೆ ಬಿಟ್ಟು, ಇಂಚಿಂಚಾಗಿ ಜರುಗಿ ಕುರ್ಚಿ ಸೇರಿದರು.

ಹಳೆಯ ಭಾರ ಬರುತ್ತದೆ ಎಂದು ನಾನು ಮೈ ಬಿಗಿಹಿಡಿದು ಕಾದಿದ್ದೆ. ಸಿಟ್ಟಿನ ದಿನ ಕುಕ್ಕರಿಸುತ್ತಿದ್ದ, ವರ್ಷ ವರ್ಷ ನನ್ನನ್ನು ಕುಗ್ಗಿಸಿದ ಆ ಭಾರ. ಬಂದದ್ದು ಒಂದು ಹಿಡಿ ಎಲುಬು. ಅದನ್ನು ಹೊರಲು ನಾನು ಎಳ್ಳಷ್ಟೂ ಬಾಗಬೇಕಾಗಿರಲಿಲ್ಲ.