ಹನ್ನೊಂದನೇ ಸಾಲಿನ ರೈಟ್ ಮಾರ್ಕ್

೧೯೮೭ರಲ್ಲಿ ನಾನು ಯಶವಂತಪುರದ ಒಂದು ಪಂಪ್ ಕಾರ್ಖಾನೆಯಲ್ಲಿ ಎಂಜಿನಿಯರ್. ಆಗ ಮಾಡಿದ್ದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ಸ್ಟೋರ್ಸ್‌ನ ಬಿಡಿಭಾಗಗಳ ವಿವರವನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕಿತ್ತು. ಒಂದು ದೊಡ್ಡ ಯಂತ್ರ, ಅದಕ್ಕೆ ಪರದೆ-ಕೀಬೋರ್ಡಿನ ಆರು ಟರ್ಮಿನಲ್, ಟೈಪ್ ಮಾಡಲು ಆರು ಜನ ಆಪರೇಟರುಗಳು. ಆ ಯಂತ್ರಕ್ಕೆ ಯಾವ ಆಪರೇಟಿಂಗ್ ಸಿಸ್ಟಮ್ ಸರಿ ಎಂದು ಪರೀಕ್ಷಿಸಿ ವರದಿ ಕೊಡುವ ಕೆಲಸ ನನ್ನದು. ಎರಡಿದ್ದವು. ಹಳೆಯದು ನಿಧಾನ, ಆದರೆ ಟೈಪ್ ಮಾಡಿದ ಪ್ರತಿ ಸಾಲನ್ನೂ ಆಗಿಂದಾಗಲೇ ಡಿಸ್ಕಿಗೆ ಬರೆದುಬಿಡುತ್ತಿತ್ತು. ಹೊಸದು ಬಲು ಚುರುಕು, ಬರೆಯಬೇಕಾದದ್ದನ್ನು ಸ್ವಲ್ಪ ಹೊತ್ತು ನೆನಪಿನಲ್ಲೇ ಇಟ್ಟುಕೊಳ್ಳುತ್ತಿತ್ತು. ನನಗೆ ಹೊಸದರ ಹುಚ್ಚು. ಅದರ ಜೆರಾಕ್ಸ್ ಕೈಪಿಡಿಯನ್ನು ಬಸ್ಸಿನಲ್ಲೂ ಓದುತ್ತಿದ್ದೆ, ಪಕ್ಕದವರಿಗೆ ಕಾಣುವ ಹಾಗೆ.

ಪರೀಕ್ಷೆಯ ಪಟ್ಟಿಯಲ್ಲಿ ಹನ್ನೊಂದನೇ ಸಾಲು: ಕೆಲಸದ ನಡುವೆ ಕರೆಂಟ್ ಹೋದರೆ ಕಡತಗಳು ಉಳಿಯುತ್ತವೆಯೇ? ಉತ್ತರ ಬೇಕಿದ್ದರೆ ಎಲ್ಲರೂ ಟೈಪ್ ಮಾಡುತ್ತಿರುವಾಗಲೇ ಪ್ಲಗ್ ಕೀಳಬೇಕು. ಒಂದು ವಾರದ ಮಟ್ಟಿಗೆ ತಂದ ಯಂತ್ರ, ಕೆಟ್ಟರೆ ಎಂಬ ಭಯ ಒಂದು. ಹೊಸದು ಸೋತುಬಿಟ್ಟರೆ ಎಂಬ ಭಯ ಇನ್ನೊಂದು, ಅದೇ ದೊಡ್ಡದು. ಎಲ್ಲರ ಟೈಪಿಂಗನ್ನೂ ನಿಲ್ಲಿಸಿ, ಕ್ರಮವಾಗಿ ಯಂತ್ರ ಮುಚ್ಚಿ, ಮತ್ತೆ ತೆರೆದೆ. ಕಡತಗಳು ಭದ್ರವಾಗಿದ್ದವು. ರೈಟ್ ಮಾರ್ಕ್ ಹಾಕಿದೆ.

ಮೊದಲ ಟರ್ಮಿನಲ್ಲಿನಲ್ಲಿ ಕೂತಿದ್ದವರು ಫಖ್ರುನ್ನೀಸಾ. ಆರ್.ಟಿ. ನಗರದಿಂದ ಎರಡು ಬಸ್ ಹಿಡಿದು ಬರುತ್ತಿದ್ದ, ಹನ್ನೆರಡು ವರ್ಷ ಅನುಭವದ ಆಪರೇಟರ್.

"ಕರೆಂಟ್ ಹೇಳಿ ಹೋಗತ್ತಾ ಸಾರ್?" ಅಂದರು.

ಉಳಿದ ಐವರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

"ನೀವು ಕೀಬೋರ್ಡ್ ನೋಡ್ಕೊಳ್ರೀ. ಮಿಕ್ಕಿದ್ದು ನಾನ್ ನೋಡ್ಕೋತೀನಿ," ಅಂದೆ. ಅವರು ತಲೆ ತಗ್ಗಿಸಿ ಟೈಪ್ ಮಾಡತೊಡಗಿದರು.

ನನ್ನ ವರದಿಯನ್ನು ಮ್ಯಾನೇಜರ್ ವೇಣುಗೋಪಾಲ ತುಂಬಾ ಮೆಚ್ಚಿದರು. ಹೊಸದೇ ಬಂತು. ಕರೆಂಟ್ ಹೋದರೂ ತೊಂದರೆಯಿಲ್ಲ ಎಂದು ನಾನೇ ಬರೆದಿದ್ದರಿಂದ ಬ್ಯಾಟರಿ ವ್ಯವಸ್ಥೆ ಬೇಡವೆಂದರು.

ಜೂನ್ ತಿಂಗಳ ಒಂದು ಮಧ್ಯಾಹ್ನ, ಆರೂ ಜನ ಟೈಪ್ ಮಾಡುತ್ತಿದ್ದಾಗ ಕರೆಂಟ್ ಹೋಯಿತು. ಮರಳಿ ಬಂದಾಗ, ಅರ್ಧ ಬರೆದು ನಿಂತಿದ್ದ ಸ್ಟೋರ್ಸ್ ಕಡತ ತೆರೆಯಲೇ ಇಲ್ಲ. ಮೂರು ವಾರದ ಕೆಲಸ ಮಣ್ಣುಪಾಲು.

"ಏನ್ರೀ ಸೇತುರಾಮ, ಏನೂ ಆಗಲ್ಲ ಅಂತ ನೀವೇ ಬರೆದಿದ್ರಲ್ಲ?" ವೇಣುಗೋಪಾಲ ಕೇಳಿದರು.

ಬಾಯಿಗೆ ಬಂದದ್ದನ್ನು ಹೇಳಿದೆ. "ಕರೆಂಟ್ ವಾಪಸ್ ಬಂದಾಗ ಆಪರೇಟರ್ ಏನೋ ತಪ್ಪು ಮಾಡಿರ್ಬೇಕು ಸಾರ್."

"ಯಾರು?"

ಅಂದು ಯಂತ್ರ ಶುರು ಮಾಡಿದ್ದು ಫಖ್ರುನ್ನೀಸಾ. ಹೆಸರು ಹೇಳಿದೆ. ಸಂಜೆಯೊಳಗೆ ಅವರಿಗೆ ಮೆಮೊ ಹೋಯಿತು. ತಪ್ಪೊಪ್ಪಿಕೊಂಡು ಬರೆದುಕೊಡಬೇಕು, ಇಲ್ಲವೇ ಕೆಲಸ ಬಿಡಬೇಕು.

ಮರುದಿನ ಬೆಳಿಗ್ಗೆ ಅವರು ಒಂದು ಬಿಳಿ ಹಾಳೆ ಹಿಡಿದು ನನ್ನ ಟೇಬಲ್ಲಿಗೇ ಬಂದರು.

"ಇಂಗ್ಲಿಷಲ್ಲಿ ಬರೀಬೇಕಂತೆ ಸಾರ್. ನನಗೆ ನೋಡ್ಕೊಂಡು ಟೈಪ್ ಮಾಡಕ್ಕೆ ಬರತ್ತೆ, ಸ್ವಂತವಾಗಿ ಬರೆಯಕ್ಕೆ ಬರಲ್ಲ. ನೀವು ಬರೆದುಕೊಡ್ತೀರಾ? ಮನೇಲಿ ನನ್ನ ಸಂಬಳ ಒಂದೇ."

ಆಗಲಾದರೂ ನಿಜ ಹೇಳಬಹುದಿತ್ತು. ಪೆನ್ನು ತೆಗೆದೆ. ಕಡತ ಹಾಳಾದದ್ದು ನನ್ನ ಅಜಾಗರೂಕತೆಯಿಂದ, ಮಾಡಬೇಕಾದ ಕೆಲಸವನ್ನು ನಾನು ಸರಿಯಾಗಿ ಮಾಡಲಿಲ್ಲ, ಇನ್ನೊಬ್ಬರ ಶ್ರಮ ನನ್ನಿಂದ ವ್ಯರ್ಥವಾಯಿತು, ಕ್ಷಮೆ ಇರಲಿ ಎಂದು ಇಂಗ್ಲಿಷಿನಲ್ಲಿ ಬರೆದೆ. ಹೀನ ಕೆಲಸವನ್ನೂ ಚೆನ್ನಾಗಿ ಮಾಡುವ ಚಟ ನನಗೆ, ಅಕ್ಷರ ಮುದ್ದಾಗಿಯೇ ಬಂತು.

ಅವರು ಬೆರಳಿಟ್ಟು ಒಂದೊಂದೇ ಪದ ಓದಿದರು. ಎರಡು ಸಲ ಓದಿದರು. ಆಮೇಲೆ ಹಾಳೆಯನ್ನು ನನ್ನ ಕಡೆಗೇ ತಿರುಗಿಸಿಟ್ಟರು.

"ಚೆನ್ನಾಗಿದೆ ಸಾರ್. ತಪ್ಪು ಮಾಡಿದವ್ರೇ ಬರೆದಂಗಿದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಹಿ ಹಾಕದೆ ತಮ್ಮ ಜಾಗಕ್ಕೆ ಹೋಗಿ, ಕಳೆದುಹೋದ ಕಡತವನ್ನು ಮೊದಲ ಸಾಲಿನಿಂದ ಟೈಪ್ ಮಾಡಲು ಕೂತರು.

ಆ ಸದ್ದು ಕೇಳುತ್ತಾ ಊಟದ ಗಂಟೆ ಹೊಡೆಯುವವರೆಗೂ ಕೂತಿದ್ದೆ. ಆಮೇಲೆ ಆ ಹಾಳೆಯ ಕೆಳಗೆ ನನ್ನ ಸಹಿ ಹಾಕಿ, ಹನ್ನೊಂದನೇ ಸಾಲಿಗೆ ರೈಟ್ ಮಾರ್ಕ್ ಹಾಕಿದ್ದ ಪಟ್ಟಿಯನ್ನೂ ಜೊತೆಗಿಟ್ಟು, ವೇಣುಗೋಪಾಲರ ಕೋಣೆಗೆ ಹೋದೆ. ಕಾಗದದಲ್ಲಿ ಒಂದಕ್ಷರವನ್ನೂ ಬದಲಾಯಿಸಬೇಕಾಗಿ ಬರಲಿಲ್ಲ.