ಹೆಗಲಿನ ತೇಪೆ

ಬಾದಾಮಿ ಕಡೆಯ ಹಳ್ಳಿಯಿಂದ ಗಂಡನನ್ನು ಹುಡುಕಿಕೊಂಡು ಹುಬ್ಬಳ್ಳಿಗೆ ಬಂದಾಗ ಹಾಜರಾಬಿಯ ಹತ್ತಿರ ಇದ್ದದ್ದು ಒಂದು ಬಟ್ಟೆಯ ಗಂಟು ಮತ್ತು ಗಂಡನ ಹೆಸರು. ಹೆಸರೇನೋ ಇತ್ತು, ಆದರೆ ಲಾಲಸಾಬ ಎನ್ನುವವರು ಆ ಊರಲ್ಲಿ ಓಣಿಗೆ ಮೂವರು. ನಾಲ್ಕು ವರ್ಷದ ಹಿಂದೆ ರೈಲ್ವೆ ಕಾರಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಹೊರಟ ಮನುಷ್ಯ ಮೊದಲ ವರ್ಷ ಎರಡು ಕಾಗದ ಬರೆಸಿದ. ಆಮೇಲೆ ಸುದ್ದಿಯೇ ಇಲ್ಲ. ಮಾವ ತೀರಿಕೊಂಡ ತಿಂಗಳಿಗೆ ಮೈದುನರು, ಗಂಡ ಇದ್ದಲ್ಲಿಗೆ ಹೋಗು ಎಂದು ಬಾಗಿಲು ಹಾಕಿಕೊಂಡರು. ಮಕ್ಕಳಿಲ್ಲದ ಹೆಂಗಸನ್ನು ಹೊರಗೆ ಹಾಕಲು ನಮ್ಮ ಜನಕ್ಕೆ ಬಹಳ ಹೊತ್ತು ಬೇಕಾಗುವುದಿಲ್ಲ.

ಕಾರಖಾನೆಯ ಗುಮಾಸ್ತ ಪುಸ್ತಕ ತಿರುವಿ, ಆ ಲಾಲಸಾಬ ಕೆಲಸ ಬಿಟ್ಟು ಎರಡು ವರ್ಷವಾಯಿತೆಂದ. ಎಲ್ಲಿ ಹೋದ ಎಂದರೆ, ಅದನ್ನು ಇದರಲ್ಲಿ ಬರೆಯುವುದಿಲ್ಲ ಎಂದ. ಅಂದಿನಿಂದ ಸ್ಟೇಷನ್ನಿನ ಮುಸಾಫಿರಖಾನೆಯೇ ಅವಳ ಮನೆ. ಬಿಟ್ಟವನು ಮತ್ತೆ ಸೇರಿರಬಹುದೆಂಬ ಹುಚ್ಚು ಆಸೆ ಬೇರೆ. ಪಾಳಿ ಬಿಡುವ ಭೋಂಗಾ ಊದಿದಾಗಲೆಲ್ಲ ಕಾರಖಾನೆಯ ಗೇಟಿನ ಎದುರು ಹೋಗಿ ನಿಂತು, ಹೊರಬರುವ ಒಂದೊಂದೇ ಮುಖ ನೋಡುತ್ತಿದ್ದಳು.

ಆರನೆಯ ದಿನ ಅವಳು ಬೇವಿನ ಮರದ ಬುಡದಲ್ಲಿ ಕೂತು ಹರಿದ ಸೆರಗು ಹೊಲಿದುಕೊಳ್ಳುತ್ತಿದ್ದಾಗ ಮುದುಕಿಯೊಬ್ಬಳು ಬಂದು ಎದುರಿಗೆ ಕುಕ್ಕರಿಸಿದಳು. ಯಾರು, ಎತ್ತ ಎಂದು ಕೇಳಲಿಲ್ಲ. ಸೆರಗನ್ನೇ ಹಿಡಿದೆಳೆದು ಹೊಲಿಗೆಯ ಮೇಲೆ ಬೆರಳಾಡಿಸಿದಳು. ಇರುವೆಯ ಸಾಲಿನಂಥ ಸಣ್ಣ ಹೊಲಿಗೆ. ಮೂಲೆಗೆ ಬಂದಾಗ ದಾರವನ್ನು ಮೂರು ಸಲ ಅಡ್ಡ ಹಾಯಿಸಿ ಬಿಗಿದದ್ದು.

"ಈ ಮೂಲಿ ಹಾಕೂದು ಯಾರ ಕಲಿಸಿದ್ರು ನಿನಗ?"

"ಯಾರೂ ಕಲಿಸಿಲ್ರಿ. ನನ್ನ ಕೈ ಹಂಗ ಹೋಗ್ತದ."

"ನಾ ಸಾವಂತ್ರೆವ್ವ. ಮನಿ ಮನಿಗೆ ಹೋಗಿ ಕೌದಿ ಹೊಲೀತೇನಿ. ಕಣ್ಣು ಮಂಜಾಗ್ಯಾವ, ಸೂಜ್ಯಾಗ ದಾರ ಹೋಗವಲ್ದು. ನಮ್ಮ ಪಡಸಾಲ್ಯಾಗ ಜಾಗಾ ಐತಿ, ಬಾ."

"ನಾ ಮುಸಲರಾಕಿ ರೀ."

"ನಾ ಕೇಳಿದ್ದು ಹೊಲಿಗಿ ಸುದ್ದಿ."

ಅಷ್ಟೇ ಮಾತು. ಹಾಜರಾಬಿ ಗಂಟು ಎತ್ತಿಕೊಂಡು ಅವಳ ಹಿಂದೆ ನಡೆದಳು. ಆರು ದಿನದ ಮೇಲೆ ಅಂದು ಬಿಸಿ ರೊಟ್ಟಿ ತಿಂದಳು, ತಿನ್ನುತ್ತಾ ಅತ್ತಳು.

ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರು ಪದರಾಗಿ ಹಾಸಿ ಹೊಲಿದರೆ ಕೌದಿ. ಸಾವಂತ್ರೆವ್ವನ ಕಟ್ಟಳೆ ಎರಡು. ಬರಿಹೊಟ್ಟೆಯಲ್ಲಿ ಸೂಜಿ ಹಿಡಿಯಬಾರದು. ಕೂಸಿನ ಕೌದಿಗೆ ಸತ್ತವರ ಬಟ್ಟೆಯಾಗಲಿ, ಸತ್ತವರ ಕೈಯ ಹೊಲಿಗೆಯಾಗಲಿ ಬೀಳಬಾರದು. ಎರಡು ತಿಂಗಳಲ್ಲಿ ಜನ "ಆ ಸಣ್ಣ ಹೊಲಿಗಿಯಾಕಿನ್ನ ಕರಕೊಂಡ ಬರ್ರಿ" ಎಂದು ಹೇಳಿ ಕಳಿಸುವಂತಾಯಿತು. ತನ್ನ ಕೈ ಯಾರಿಗಾದರೂ ಬೇಕು ಎನ್ನುವುದು ಹಾಜರಾಬಿಗೆ ಹೊಸದು. ಆದರೂ ಕೆಲಸ ಮುಗಿಸಿ ಪ್ರತಿ ಮನೆಯ ಹೊಸ್ತಿಲು ದಾಟುವಾಗ ತಪ್ಪದೆ ಕೇಳುತ್ತಿದ್ದಳು: "ಬಾದಾಮಿ ಕಡೆ ಲಾಲಸಾಬ ಅಂತ ಯಾರರೆ ಗೊತ್ತೇನ್ರಿ?"

ಒಂದು ದಿನ ಹಳೇ ಹುಬ್ಬಳ್ಳಿಯ ಒಂದು ಮನೆಗೆ ಕರೆ ಬಂತು. ಇಬ್ಬರೂ ಹೋದರು. ಬಾಣಂತಿಯ ಹೆಸರು ನಜ್ಮಾ. ಹದಿನೆಂಟು ತುಂಬಿದ್ದರೆ ಹೆಚ್ಚು. ತಾಯಿಯಿಲ್ಲದ ಹುಡುಗಿ, ನಲವತ್ತು ದಿನದ ಕೂಸನ್ನು ಎತ್ತಿಕೊಳ್ಳಲೂ ಅಂಜುತ್ತಿತ್ತು. ಎರಡು ಹಳೆಯ ಸೀರೆ, ಒಂದು ಅಂಗಿ ತಂದು ಮುಂದಿಟ್ಟಳು.

"ಸಂಜಿಗೆ ಅವ್ರು ಕೆಲಸದಿಂದ ಬರೂದ್ರಾಗ ಮುಗಿಸಿಕೊಡ್ರಿ, ಆಪಾ."

ಹಾಜರಾಬಿ ಅಂಗಿಯನ್ನು ಬಿಡಿಸಿದಳು. ಎಡ ಹೆಗಲಿನ ಮೇಲೆ ಗುಳೇದಗುಡ್ಡದ ಖಣದ ತೇಪೆ. ಹಾಜರಾಬಿಯದೇ ಮದುವೆಯ ಕುಪ್ಪಸದ ತುಂಡು. ನಾಲ್ಕು ಮೂಲೆಯಲ್ಲೂ ಮೂರು ಮೂರು ಅಡ್ಡ ದಾರ.

"ಆ ತ್ಯಾಪಿ ಅವ್ರ ಮೊದಲನೇ ಹೆಂಡ್ತಿ ಹಚ್ಚಿದ್ದು," ಎಂದಳು ನಜ್ಮಾ. "ಪಾಪ, ಊರಾಗ ಕಾಲರಾ ಬಂದು ತೀರಿಕೊಂಡ್ಳಂತ. ಈ ಅಂಗಿ ಇಷ್ಟ ದಿನ ಪೆಟ್ಟಿಗ್ಯಾಗ ಇಟ್ಟಿದ್ರು. ನಿನ್ನೆ ತಾವ ತಗದ ಕೊಟ್ರು, ಕೂಸಿಗೆ ಮೆತ್ತಗ ಆಗ್ತದಂತ."

ಲಾಲಸಾಬ ದುಷ್ಟನೇನಲ್ಲ. ದುಷ್ಟನಾಗಿದ್ದರೆ ಆ ತೇಪೆಯನ್ನು ಎಂದೋ ಕಿತ್ತೆಸೆಯುತ್ತಿದ್ದ. ಪುಕ್ಕಲ. ಹೆಂಡತಿಯನ್ನು ಕಾಲರಾದ ಬಾಯಿಗೆ ಕೊಟ್ಟು ಅವಳ ಹೊಲಿಗೆಯನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡುವವನಿಗೆ ನಾನು ಬೇರೆ ಹೆಸರು ಕೊಡಲಾರೆ.

ಸಾವಂತ್ರೆವ್ವನಿಗೆ ತೇಪೆ ಕಾಣಲಿಲ್ಲ, ಮಾತು ಕೇಳಿಸಿತು. "ಸತ್ತಾಕಿ ಕೈ ಹೊಲಿಗಿ ಕೂಸಿನ ಮೈಮ್ಯಾಲೆ ಬ್ಯಾಡವ್ವ. ಬಿಚ್ಚಿ ತಗಿ, ಹಾಜರವ್ವ. ಒಲ್ಯಾಗ ಹಾಕೂಣು."

ಆಕೆ ಸತ್ತಿಲ್ಲ. ಹಾಜರಾಬಿ ಆಡಬೇಕಾದದ್ದು ಎರಡೇ ಮಾತು. ಆಡಿದ್ದರೆ ಅವಳಿಗೆ ಗಂಡ ಸಿಗುತ್ತಿದ್ದ, ತಲೆಯ ಮೇಲೊಂದು ಸೂರು ಸಿಗುತ್ತಿತ್ತು. ಒಬ್ಬನಿಗೆ ಇಬ್ಬರು ಹೆಂಡಿರಾದರೆ ಕೇಳುವವರು ಯಾರು? ಕೂಸು ಮಿಸುಕಿತು. ನಜ್ಮಾ ಗಾಬರಿಯಾಗಿ, "ಹಿಂಗ್ಯಾಕ ಮಾಡ್ತದ, ಆಪಾ?" ಎಂದು ಅವಳ ಮೊಳಕೈ ಹಿಡಿದಳು. ಕೂಸಿನ ಕಿವಿಗಳು ಅಪ್ಪನವೇ, ಸ್ವಲ್ಪ ಮುಂದಕ್ಕೆ ಬಾಗಿದ್ದವು. ಎಂಟು ವರ್ಷ ಅವಳು ದರ್ಗಾ ದರ್ಗಾ ತಿರುಗಿ ಬೇಡಿಕೊಂಡ ಕಿವಿಗಳು ಅವು.

"ಹಸಿವ್ಯಾಗೇದ. ಎದಿಗೆ ಹಾಕ್ಕೋರಿ," ಎಂದಳು ಹಾಜರಾಬಿ. ಆಮೇಲೆ ತೇಪೆ ಬಿಚ್ಚತೊಡಗಿದಳು.

ಮೂಲೆಗಳು ಬಿಚ್ಚಲಿಲ್ಲ, ಕೊಯ್ಯಬೇಕಾಯಿತು. ಬಿಚ್ಚಿದ ಖಣದ ಚೂರನ್ನು ಸಾವಂತ್ರೆವ್ವನ ಕೈಗೆ ಹಾಕಿದಳು. ಅಂಗಿಯ ಹೆಗಲಲ್ಲಿ ಅಂಗೈಯಗಲ ತೂತು ಉಳಿಯಿತು. ಹಾಜರಾಬಿ ತನ್ನ ಸೆರಗಿನ ತುದಿಯನ್ನು ಕತ್ತರಿಸಿ ಅದೇ ಜಾಗಕ್ಕೆ ಇಟ್ಟು ಹೊಲಿಯಲು ಕೂತಳು.

"ಛಲೋ ಸೀರಿ ಕತ್ತರಿಸಿದ್ರಲ್ಲ, ಆಪಾ."

"ಇರ್ಲಿ ಬಿಡ್ರಿ. ಬದುಕಿದಾಕಿ ಸೀರಿ. ಕೂಸಿಗೇನೂ ಆಗೂದಿಲ್ಲ."

ಆ ಅಂಗಿಯ ಬಟ್ಟೆಯೇ ಎಲ್ಲಕ್ಕಿಂತ ಮೆತ್ತಗಿತ್ತು. ಅವಳೇ ವರ್ಷಗಟ್ಟಲೆ ಒಗೆದು ಮೆತ್ತಗಾದದ್ದು. ಹೆಗಲಿನ ಆ ಭಾಗವನ್ನು ಕೂಸಿನ ಕೆನ್ನೆ ಬರುವ ಕಡೆ ಹಾಸಿದಳು. ಸೂಜಿ ಒಂದೆರಡು ಸಲ ಬೆರಳಿಗೆ ಚುಚ್ಚಿತು. ಹೊತ್ತು ಇಳಿಯುವ ಮೊದಲೇ ಕೌದಿ ಮುಗಿಯಿತು.

ಕೊಡುವ ಮುಂಚೆ ಕೌದಿಯ ಮೇಲೆಲ್ಲ ಕೈಯಾಡಿಸುವುದು ಸಾವಂತ್ರೆವ್ವನ ರೂಢಿ. ಹೊಸ ತೇಪೆಯ ಮೂಲೆಗೆ ಬಂದಾಗ ಅವಳ ಬೆರಳು ನಿಂತಿತು. ಮೂರು ಅಡ್ಡ ದಾರ. ಇನ್ನೊಂದು ಕೈಯಲ್ಲಿದ್ದ ಹಳೆಯ ಚೂರನ್ನು ಹೆಬ್ಬೆರಳಿನಿಂದ ತಡವಿದಳು. ಕೊಯ್ದ ಮೂಲೆಯಲ್ಲಿ ದಾರದ ಕುಚ್ಚು ಇನ್ನೂ ಉಳಿದಿತ್ತು. ಮುದುಕಿ ಆ ಚೂರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೌದಿಯನ್ನು ಮಡಚಿ ನಜ್ಮಾಳ ತೊಡೆಯ ಮೇಲಿಟ್ಟಳು.

ಹೊಸ್ತಿಲು ದಾಟುವಾಗ ಹಾಜರಾಬಿ ಏನನ್ನೂ ಕೇಳಲಿಲ್ಲ.

ಓಣಿ ದಾಟಿದ ಮೇಲೆ ಸಾವಂತ್ರೆವ್ವ ಆ ಖಣದ ಚೂರನ್ನು ಅವಳ ಮುಷ್ಟಿಯೊಳಗಿಟ್ಟಳು. "ಹಚ್ಚಿದಾಕಿ ಇರೂತನ ಇದನ್ನ ಒಲ್ಯಾಗ ಹಾಕಬಾರದವ್ವ," ಎಂದಳು.

ಹಾಜರಾಬಿ ಅಲ್ಲೇ ಯಾರದೋ ಕಟ್ಟೆಯ ಮೇಲೆ ಕುಸಿದು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಸೆರಗಿನ ತುದಿ ಮೋಟಾಗಿತ್ತು. ಸಾವಂತ್ರೆವ್ವ ಪಕ್ಕದಲ್ಲಿ ಕೂತು ಕಾದಳು. ಮರುದಿನ ಬೆಳಿಗ್ಗೆ ಧಾರವಾಡದಲ್ಲಿ ತಾರಾಬಾಯಿ ಎನ್ನುವವರ ಮನೆಯಲ್ಲಿ ಕೌದಿ ಹೊಲಿಯುವುದಿತ್ತು. ಸಣ್ಣ ಹೊಲಿಗೆಯವಳೇ ಬರಬೇಕೆಂದು ಅವರು ಹೇಳಿ ಕಳಿಸಿದ್ದರು.