ಸೊನ್ನೆಯ ಕೆಳಗೆ ಸೂಜಿ

ಬಿಸಿಯಾದ ಧೂಳಿನ ವಾಸನೆ, ಅಂದರೆ ರೇಡಿಯೋ ವಾಲ್ವಿನ ಗಾಜಿನ ಬುರುಡೆ ಕಾದಿದೆ, ಇಪ್ಪತ್ತಾರು ವರ್ಷದ ಮೇಲೂ ಮೂಗಿಗೆ ಗುರುತು ಹತ್ತಿತು, ಕಿಟಕಿಯಾಚೆ ನವನಗರದ ಬಸ್ಸುಗಳ ಹಾರ್ನು, ಆದರೆ ವಾಸನೆ ಮಾತ್ರ ದೇಶಪಾಂಡೆ ನಗರದ ಆ ಮಹಡಿಯದು — ಅಣ್ಣ ಯಜ್ಞೇಶ್ವರ ತಗಡು ಕೊರೆಯುತ್ತಿದ್ದ, ನಾನು ಬೆಸುಗೆ ಹಾಕುತ್ತಿದ್ದೆ, ಮಾತು ಕಳಿಸುವ ನಮ್ಮ ಪುಟ್ಟ ಹ್ಯಾಮ್ ರೇಡಿಯೋದ ದನಿಯನ್ನು ಸಮುದ್ರ ದಾಟಿಸುವ ಆಂಪ್ಲಿಫೈಯರ್, ಮುಂಬಯಿಯ ಗುಜರಿಯಿಂದ ಟವೆಲ್ಲಿನಲ್ಲಿ ಸುತ್ತಿ, ರೈಲಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದ ವಾಲ್ವ್, ಅವ್ವ ಇಟ್ಟುಹೋದ ಅವಲಕ್ಕಿ ಮೆತ್ತಗಾದರೂ ನಮಗೆ ಎಚ್ಚರವಿಲ್ಲ, ಏ ಇಂದೂ, ನಿನ್ನ ಬೆಸಿಗಿ ಮುತ್ತಿನಂಗ ಅದ ನೋಡು, ಅನ್ನುತ್ತಿದ್ದ ಅಣ್ಣ. ಮೊನ್ನೆ ಅವನ ಮಗಳು ಪ್ರಾಚಿ ಅದೇ ಆಂಪ್ಲಿಫೈಯರಿನ ಪೆಟ್ಟಿಗೆ ತಂದಿಟ್ಟಳು, ಅತ್ಯಾ, ಅಪ್ಪಗ ಕಣ್ಣು ಮಸುಕಾಗ್ಯಾವ, ಇದು ನಿಮ್ಮ ಹತ್ರನ ಇರ್ಲಿ ಅಂದ್ರು — ಒಳಗೆ ಬೇರೆ ವಾಲ್ವ್, ಆ ಹಳೆಯದು ಅಂದೇ ಸುಟ್ಟುಹೋಯಿತಲ್ಲ.

ಪ್ರಸಾರದ ಕೀ ಒತ್ತಿದೆ, ವಾಲ್ವಿನೊಳಗಿನ ಜಾಲರಿಯ, ಸ್ಕ್ರೀನ್ ಗ್ರಿಡ್ಡಿನ, ಕರೆಂಟು ತೋರಿಸುವ ಮೀಟರಿನಲ್ಲಿ ಸೂಜಿ ಸೊನ್ನೆಯ ಕೆಳಗಿಳಿಯಿತು, ಅಂದೂ ಹೀಗೇ, ಮೀಟರ್ ಉಲ್ಟಾ ಜೋಡಿಸಿಯಲ್ಲ, ಲಕ್ಷ್ಯ ಎಲ್ಲಿತ್ತು ನಿಂದು ಅಂದ ಅಣ್ಣ, ಇಲ್ಲೋ ಅಣ್ಣಾ, ಸರಿ ಅದ, ಮೂರು ಸರ್ತಿ ನೋಡೇನಿ — ಕೇಳಲಿಲ್ಲ, ತಂತಿಗಳನ್ನು ಅದಲು ಬದಲು ಮಾಡಿದ, ಆಮೇಲೆ ಮೀಟರ್ ತಿರುಗುಮುರುಗು, ಕರೆಂಟು ಏರಿದಷ್ಟೂ ಸೂಜಿ ಇಳಿಯಿತು, ಸಾಲದು ಎಂದುಕೊಂಡು ಇನ್ನೂ ಏರಿಸಿದ, ಗಾಜಿನೊಳಗೆ ಜಾಲರಿ ಕೆಂಪಗಾಗಿ ಬಾಗಿತು, ನಿನ್ನ ಕೈಯಾಗ ಕೊಟ್ಟದ್ದ ತಪ್ಪಾತು ಅಂದ. ಅಂದಿನಿಂದ ನಾನು ಬೆಸುಗೆ ಕಡ್ಡಿ ಮುಟ್ಟಲಿಲ್ಲ, ಮದುವೆ ಮುಂಜಿವೆಗಳಲ್ಲಿ ಸಿಕ್ಕರೆ ಊಟ ಆತೇನು, ಆತು, ಅಷ್ಟೇ. ಈ ಮೂರು ದಿನ ಓದಿ ತಿಳಿದೆ, ಆ ಜಾಲರಿಗೆ ಬಡಿದ ಒಂದು ಎಲೆಕ್ಟ್ರಾನು ಅಲ್ಲಿಂದ ಎರಡನ್ನು ಎಬ್ಬಿಸುತ್ತದಂತೆ, ಬರುವವಕ್ಕಿಂತ ಹೋಗುವವು ಹೆಚ್ಚಾದರೆ ಕರೆಂಟು ಹಿಂದಕ್ಕೆ ಹರಿಯುತ್ತದೆ, ದೋಷವಲ್ಲ, ವಾಲ್ವಿನ ಸ್ವಭಾವ, ಸೂಜಿ ಖರೇನೇ ಹೇಳಿತ್ತು — ಆದರೆ ಇವತ್ತೂ ಖರೇ ಹೇಳುತ್ತಿದೆಯಲ್ಲ, ಅವನು ಅದಲು ಬದಲು ಮಾಡಿದ ತಂತಿ ಹಾಗೇ ಇದ್ದರೆ ಸೂಜಿ ಮೇಲೇರಬೇಕಿತ್ತು, ಸರಿಯಾದದ್ದು ಹೇಗೆ, ಸ್ವಿಚ್ಚು ಆರಿಸಿದೆ, ಕಾದೆ, ತಳದ ತಗಡು ಬಿಚ್ಚಿದೆ, ಕೆಂಪು ತಂತಿ ಮತ್ತೆ ಅಂದು ನಾನಿಟ್ಟ ಜಾಗದಲ್ಲೇ ಇದೆ, ಬೆಸುಗೆ ನನ್ನದಲ್ಲ, ಒರಟು, ಅಣ್ಣನದು.

ಫೋನು ಹಚ್ಚಿದೆ. ಅಣ್ಣಾ, ನಾ ಜೋಡಿಸಿದ್ದು ಸರಿ ಇತ್ತಂತ ನಿನಗ ಗೊತ್ತಿತ್ತೇನು? ಗೊತ್ತಿತ್ತವ್ವಾ, ಮುಂದಿನ ವರ್ಷನ ಗೊತ್ತಾತು, ಹೊಸಾ ವಾಲ್ವ್ ಹಾಕಿದಾಗ. ಇಷ್ಟು ವರ್ಷ ಹೇಳಲಿಲ್ಲಲ್ಲೋ? ಬಂದಿದ್ದೆ ಇಂದೂ, ಆವಾಗ ಎರಡು ಸರ್ತಿ, ನಿಮ್ಮ ಗೇಟಿನ ತನಕಾ ಬಂದಿದ್ದೆ, ಒಳಗ ನಿನ್ನ ದನಿ ಕೇಳಸ್ತು, ತಿರುಗಿ ಹೋದೆ. ನಾನು ಒಳಗಿದ್ದೆ, ಏನು ಮಾಡುತ್ತಿದ್ದೆ, ಯಾರೊಡನೆ ಮಾತಾಡುತ್ತಿದ್ದೆ, ಆಗ ಆ ಗೇಟಿಗೆ ಹಸಿರು ಬಣ್ಣ, ಚಿಲಕ ಬಿಗಿ, ಎತ್ತಿ ಎಳೆಯಬೇಕು, ಬಿಸಿಲಲ್ಲಿ ಅಣ್ಣ, ಚಿಲಕದ ಮೇಲೆ ಅಣ್ಣನ ಕೈ, ಎತ್ತಿದ್ದನೇ, ಸ್ವಲ್ಪವಾದರೂ ಎತ್ತಿದ್ದನೇ, ಚಿಲಕದ ಮೇಲೆ ಕೈ, ಆ ಕೈ —